ಹೋಬರ್ಟನ ಹೂವಿನ ಪಾಂಡಿತ್ಯ

ನನ್ನ ತಂಗಿಯ ಗಂಡ ಹೋಬರ್ಟನಿಗೆ ಕಾಡುಹೂಗಳ ಹೆಸರೆಲ್ಲ ಬಾಯಿಪಾಠ. ಏಪ್ರಿಲ್‌ನಲ್ಲಿ, ಮರಗಳು ಎಲೆ ಬಿಡುವ ಮೊದಲು, ನಮ್ಮ ಕಣಿವೆಗೆ ಹೂ ನೋಡುವವರ ದಂಡು ಬರುತ್ತದೆ. ಅವರ ಮುಂದೆ ಕೋಲು ಬೀಸುತ್ತಾ ನಡೆಯುವ ದೊಡ್ಡ ಮನುಷ್ಯ ಇವನೇ.

"ಇದು ಡಚ್ಚನ ಚಡ್ಡಿ. ಒಗೆದು ತಲೆಕೆಳಗಾಗಿ ಒಣಹಾಕವ್ನೆ ನೋಡಿ. ಈ ಕೆಂಪು ಹೂವು ನಾರುವ ಬೆಂಜಮಿನ್. ಮೂಸಿದ್ರೆ ಮಧ್ಯಾಹ್ನದ ಊಟ ಸೇರಲ್ಲ."

ಹೆಂಗಸರು ನಗುತ್ತಾರೆ, ಇವನಿಗೆ ಕೋಡು ಮೂಡುತ್ತದೆ. ಆ ಹೆಸರುಗಳನ್ನೆಲ್ಲ ಇವನ ತಲೆಗೆ ತುಂಬಿದವಳು ನನ್ನ ತಂಗಿ ಲಿಯೋಟಾ. ಮರ ಕಡಿಯುವವರು ಆಚೆ ಗುಡ್ಡಕ್ಕೆ ಬಂದ ವರ್ಷ, ಅಲ್ಲಿನ ಗಿಡಗಳನ್ನು ಬುಟ್ಟಿಯಲ್ಲಿ ಹೊತ್ತು ತಂದು ತಮ್ಮ ಮನೆಯ ಹಿಂದೆ, ಕಾಡಿನಂಚಿನ ಇಳಿಜಾರಿನಲ್ಲಿ ನೆಟ್ಟಿದ್ದಳು. ಅವಳು ಸತ್ತ ಮೇಲೆ ಅವಳ ನೆನಪಿಗೆಂದು ನನಗೆ ಉಳಿದದ್ದು ಆ ಇಳಿಜಾರೊಂದೇ. ಹೋದ ವಸಂತದಲ್ಲಿ ಒಂದು ಸಲ ಹೋಗಿ ಆ ಹೂಗಳ ನಡುವೆ ಕುಳಿತು ಬಂದಿದ್ದೆ. ಈ ಮಹಾಶಯ ವರ್ಷ ತುಂಬುವುದರೊಳಗೆ, ಹೋದ ಜುಲೈನಲ್ಲಿ, ಟ್ವೈಲಾ ಎಂಬವಳನ್ನು ಕಟ್ಟಿಕೊಂಡ. ನಾನು ಅವಳ ಮುಖ ನೋಡಿ ಮಾತಾಡಿರಲಿಲ್ಲ.

ಈ ಸಲ ದಂಡಿನ ಹಿಂದೆ ನಾನೂ ಹೋದೆ. ಇಳಿಜಾರಿನಲ್ಲಿ ಹೂವಿಲ್ಲ. ಉತ್ತ ಮಣ್ಣು, ಸಾಲು ಸಾಲು ಏರಿ. ಈಸ್ಟರ್‌ಗೆ ಮುಂಚಿನ ಶುಭ ಶುಕ್ರವಾರ ಆಲೂಗಡ್ಡೆ ಹೂಳದಿದ್ದರೆ ನಮ್ಮವರಿಗೆ ಸ್ವರ್ಗ ಸಿಗುವುದಿಲ್ಲವಲ್ಲ, ಹೂತಿದ್ದರು.

ಹೋಬರ್ಟ್ ಟೋಪಿ ತೆಗೆದು ಎದೆಗೆ ಒತ್ತಿಕೊಂಡ.

"ಇಲ್ಲೇ ಇತ್ತು ನಮ್ಮ ಲಿಯೋಟಾಳ ತೋಟ. ಅವಳು ಹೋದ್ಮೇಲೆ ಹೂವೂ ಹೋದ್ವು. ಕೊರಗಿ ಸತ್ವು ಪಾಪ."

ಯಾರೋ ಒಬ್ಬಳು ಕರವಸ್ತ್ರ ತೆಗೆದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಟ್ವೈಲಾ ಅಂದಳು.

"ಹೋದ ಆಗಸ್ಟ್‌ನಲ್ಲಿ ಆಲೂಗಡ್ಡೆಗೆ ಜಾಗ ಎಲ್ಲಿ ಅಂತ ಕೇಳಿದ್ನಲ್ಲ. ನೀವೇ ಬಂದು ಕಾಲಲ್ಲಿ ಗೀರಿ ತೋರಿಸಿದ್ರಿ."

"ಇಲ್ಲೇನೂ ಇರ್ಲಿಲ್ಲ ಕಣೆ ಆಗ. ಬರೀ ನೆಲ."

"ಆಗಸ್ಟ್‌ನಲ್ಲಿ ಬರೀ ನೆಲಾನೇ ಇರತ್ತೆ ಕಣೋ, ದಡ್ಡ," ಅಂದೆ ನಾನು. "ಮರ ಚಿಗುರಿ ನೆರಳಾಗೋ ಹೊತ್ತಿಗೆ ಈ ಹೂಗಳು ಎಲೆ ಸಮೇತ ಮಾಯ ಆಗ್ತವೆ. ಗೆಡ್ಡೆ ಒಳಗೆ ಮಲಗಿರತ್ತೆ. ಇಪ್ಪತ್ತು ವರ್ಷ ಅವಳು ಇಲ್ಲೇ ಮಂಡಿಯೂರಿ ಕೂತಿರ್ತಿದ್ಳು. ನೀನು ಒಂದಿನ ಕಿಟಕಿಯಿಂದಾದ್ರೂ ನೋಡಿದ್ಯೇನೋ?"

ಅವನು ಟೋಪಿ ಹಾಕಿಕೊಂಡ. "ಮುಂದೆ ರಕ್ತದ ಬೇರು ಅಂತ ಒಂದು ಹೂವಿದೆ, ಬನ್ನಿ ಬನ್ನಿ," ಎಂದು ದಂಡನ್ನು ಅಟ್ಟಿಕೊಂಡು ಹೋದ. ನಾಚಿಕೆ ಎಂಬುದು ಅವನ ಹೆಸರುಗಳ ಸಾಲಿನಲ್ಲಿ ಇಲ್ಲ.

ಟ್ವೈಲಾ ಹೋಗಲಿಲ್ಲ. ಗುದ್ದಲಿ ತಂದು ತಾನೇ ಹೂತ ಆಲೂಗಡ್ಡೆಗಳನ್ನು ಅಗೆದು ಪಕ್ಕಕ್ಕೆ ಎಸೆಯತೊಡಗಿದಳು. ಕೊನೆಗೆ ಮಣ್ಣಿನಲ್ಲಿ ಬೆರಳಾಡಿಸಿ, ಕಾಳಿನಷ್ಟೇ ಇದ್ದ ಹೂವಿನ ಗೆಡ್ಡೆಗಳನ್ನು ಒಂದೊಂದಾಗಿ ಹೆಕ್ಕಿ ಮಡಿಲಲ್ಲಿ ಹಾಕಿಕೊಂಡಳು. ಕೆಲವಕ್ಕೆ ಇನ್ನೂ ಬಿಳಿ ಮೊಳಕೆ ಇತ್ತು.

"ಅಕ್ಕಾ, ಇವನ್ನ ನಿಮ್ಮ ಮನೇಲಿ ನೆಡಿ," ಅಂದಳು. "ಇಲ್ಲಿ ಬೇಡ. ನಾನು ಸತ್ಮೇಲೆ ಇನ್ಯಾವಳೋ ಬಂದು ಎಲ್ಲಿ ಅಗೀಲಿ ಅಂತ ಕೇಳ್ತಾಳೆ. ಇವ್ರು ಇದೇ ಜಾಗ ತೋರಿಸ್ತಾರೆ."