ಏಳನೆಯ ಬಾಗಿಲಿನ ಕಾವಲುಗಾರ

"ನನ್ನ ಕೈ ನಡುಗುತ್ತೆ ಅಂತ ಯಾರೋ ಹೇಳಿದ್ದು? ಯಾವ ಗಿರಾಕಿ? ಹೆಸರು ಹೇಳು!"

"ಯಾರೂ ಹೇಳ್ಬೇಕಾಗಿಲ್ಲ ಅಕ್ಕ. ನನಗೇನು ಕಣ್ಣಿಲ್ವಾ? ಕೂಗಾಡ್ಬೇಡ, ಜನ ಇದ್ದಾರೆ."

"ಇರ್ಲಿ, ಅವರೂ ಕೇಳಿಸ್ಕೊಳ್ಳಲಿ! ಇಪ್ಪತ್ತಾರು ವರ್ಷದಿಂದ ಆ ಕುರ್ಚಿ ಹಿಂದೆ ನಿಂತವಳು ನಾನು. ಆಗ ನೀನು ಚಡ್ಡಿ ಎಳ್ಕೊಂಡು ಇಲ್ಲಿ ಕೂದಲು ಗುಡಿಸ್ತಿದ್ದೆ. ಈಗ ನನಗೆ ಟವೆಲ್ ಮಡಚು ಅಂತೀಯಾ?"

ಅಂಗಡಿ ಕ್ಷೌರದ್ದು. ಎರಡು ಕುರ್ಚಿ, ಎದುರಿಗೆ ಉದ್ದದ ಕನ್ನಡಿ, ಬಾಗಿಲ ಬಳಿ ಒಂದು ಬೆಂಚು. ಒಂದು ಕುರ್ಚಿ ತಮ್ಮನದು, ಕಿಟಕಿ ಪಕ್ಕದ್ದು ಅಕ್ಕನದು. ಮೂರೂವರೆ ತಿಂಗಳ ಹಿಂದೆ ಅಕ್ಕ ಒದ್ದೆ ಮೆಟ್ಟಿಲ ಮೇಲೆ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಳು. ಹತ್ತು ವಾರ ಕೈಗೆ ಪಟ್ಟಿ ಕಟ್ಟಿದ್ದರು. ಪಟ್ಟಿ ಬಿಚ್ಚಿ ತಿಂಗಳಾದರೂ ತಮ್ಮ ಅವಳ ಕೈಗೆ ರೇಜರ್ ಕೊಟ್ಟಿರಲಿಲ್ಲ. ಅವಳ ಕುರ್ಚಿಯ ಹಿಂದೆ ಈಗ ತಮ್ಮನ ಬಾಮೈದ ನಿಂತಿದ್ದ. ಮೂರು ಬಣ್ಣದ ಕೂದಲು, ಮೊಳಕಾಲಲ್ಲಿ ಹರಿದ ಪ್ಯಾಂಟು. ಗಿರಾಕಿಗಳು ಅವನಿಗೆ ಸ್ಟೈಲ್ ಎಂದೇ ಹೆಸರಿಟ್ಟಿದ್ದರು.

ಕೂಗಾಡುತ್ತಿದ್ದರೂ ಅಕ್ಕನ ಎದೆಯೊಳಗೆ ಒಂದು ಮುಳ್ಳು ಇತ್ತು. ದಿನಾ ಬೆಳಿಗ್ಗೆ ಅಡುಗೆಮನೆಯಲ್ಲಿ ಲೋಟದ ತುಂಬ ನೀರು ತುಂಬಿಸಿ ಬಲಗೈಯಲ್ಲಿ ಎತ್ತಿ ಹಿಡಿದು ನೋಡುತ್ತಿದ್ದಳು. ಕೆಲವು ದಿನ ಒಂದು ಹನಿಯೂ ಚೆಲ್ಲುತ್ತಿರಲಿಲ್ಲ. ಕೆಲವು ದಿನ ಚೆಲ್ಲುತ್ತಿತ್ತು. ತಮ್ಮ ಹೇಳುವುದೇ ನಿಜವಾಗಿದ್ದರೆ? ಈ ಕೈ ಹೋದರೆ ತಾನು ಯಾರು? ಅದನ್ನು ಮಾತ್ರ ಅವಳು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ಕಿಟಕಿ ಪಕ್ಕದ ಕುರ್ಚಿಯಲ್ಲಿ ಮುಖದ ತುಂಬ ನೊರೆ ಹಚ್ಚಿಸಿಕೊಂಡು ಬಸ್ ಡ್ರೈವರ್ ಕೂತಿದ್ದ. ಅವನು ಪಿಸುಗುಟ್ಟಿದರೂ ಬೀದಿಗೆ ಕೇಳುತ್ತಿತ್ತು. ಅದಕ್ಕೇ ಎಲ್ಲರ ಬಾಯಲ್ಲೂ ಅವನು ಹಾರ್ನ್.

"ಯಜಮಾನ್ರೇ, ಮೊದಲು ಟೀವಿಯಲ್ಲಿರೋ ರಾಕ್ಷಸನ್ನ ಸೋಲ್ಸಿ. ಅಕ್ಕನ ಜತೆ ಆಮೇಲೆ ಯುದ್ಧಕ್ಕೆ ಇಳೀರಂತೆ," ಎಂದ ಹಾರ್ನ್.

ಬೆಂಚಿನ ಮೇಲಿದ್ದ ಇಬ್ಬರು ಕಿಸಕ್ಕನೆ ನಕ್ಕರು. ತಮ್ಮನ ಮುಖ ಕೆಂಪಾಯಿತು. ಕಾಯುವ ಗಿರಾಕಿಗಳಿಗೆ ಹೊತ್ತು ಹೋಗಲಿ ಎಂದು ಅವನು ಮೂಲೆಯ ಟೀವಿಗೆ ಒಂದು ಗೇಮ್ ತಂದು ಜೋಡಿಸಿದ್ದ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕೋಲು ಹಿಡಿದು ಹೇಗೆ ಬೀಸಿದರೆ ಹಾಗೆ ಪರದೆಯ ಮೇಲೆ ನೀಲಿ ಅಂಗಿಯ ಹುಡುಗಿ ಖಡ್ಗ ಬೀಸುತ್ತಾಳೆ. ಒಂದೊಂದೇ ಬಾಗಿಲು ದಾಟಿ ಬೆಟ್ಟದ ತುದಿಗೆ ಹೋಗಬೇಕು. ಗಿರಾಕಿಗಳಿಗಿಂತ ಹೆಚ್ಚು ಆಡುತ್ತಿದ್ದವನು ತಮ್ಮನೇ. ಏಳನೆಯ ಬಾಗಿಲಲ್ಲಿ ನಾಲ್ಕು ಕೈಯ ಕಲ್ಲಿನ ಕಾವಲುಗಾರ ಹನ್ನೊಂದು ದಿನದಿಂದ ಅವನಿಗೆ ಮಣ್ಣು ಮುಕ್ಕಿಸುತ್ತಿದ್ದ.

ತಮ್ಮ ತನ್ನ ಕೈಯಲ್ಲಿದ್ದ ಕೋಲನ್ನು ಅಕ್ಕನ ಮುಂದೆ ಚಾಚಿದ. "ತಗೋ, ನೀನೇ ಹಿಡಿ! ಇದರಿಂದ ಯಾರ ಕೆನ್ನೆನೂ ಕುಯ್ದೋಗಲ್ಲ. ಆ ಬಾಗಿಲು ತೆಗೆದು ತೋರ್ಸು, ನಾಳೆ ಬೆಳಿಗ್ಗೆಯಿಂದ ಕುರ್ಚಿ ನಿಂದು. ಎಲ್ಲರ ಮುಂದೆ ಹೇಳ್ತಿದ್ದೀನಿ."

"ಕೇಳಿಸ್ಕೊಂಡ್ರೇನಪ್ಪಾ?" ಎಂದಳು ಅಕ್ಕ ಬೆಂಚಿನ ಕಡೆ ತಿರುಗಿ.

"ಊರಿಗೇ ಕೇಳ್ಸಿತು ಬಿಡಿ ಅಕ್ಕ," ಎಂದ ಹಾರ್ನ್.

ಸೆರಗು ಸೊಂಟಕ್ಕೆ ಸಿಕ್ಕಿಸಿ ಅವಳು ಟೀವಿಯ ಮುಂದೆ ನಿಂತಳು. ಮೊದಲ ಕೆಲಸ ಬೀಗದ್ದು. ಕಲ್ಲಿನ ಬಾಗಿಲ ಮೇಲೆ ಬಟಾಣಿಯಷ್ಟು ಒಂದು ತೂತು. ಹುಡುಗಿಯ ಲಾಂದ್ರದ ಬೆಳಕಿನ ಚುಕ್ಕೆಯನ್ನು ಕೋಲಿನಿಂದ ಆ ತೂತಿನ ಮೇಲೆ ಹತ್ತು ಎಣಿಸುವ ತನಕ ಕದಲದಂತೆ ನಿಲ್ಲಿಸಬೇಕು. ತಮ್ಮ ಇದನ್ನು ಎರಡೂ ಕೈಯಲ್ಲಿ ಕೋಲು ಹಿಡಿದು, ಉಸಿರು ಕಟ್ಟಿ, ಐದಾರು ಸಲ ತಪ್ಪಿದ ಮೇಲೆ ಮಾಡುತ್ತಿದ್ದ.

ಅಕ್ಕ ಕೋಲು ಎತ್ತಿದಳು. ಚುಕ್ಕೆ ಗೋಡೆಯ ಮೇಲೆಲ್ಲ ಹುಳದ ಹಾಗೆ ಹರಿದಾಡಿತು.

"ನೋಡಿದ್ಯಾ?" ಎಂದ ತಮ್ಮ.

ಎಲ್ಲರ ಮುಂದೆ ತನ್ನ ಮಾನ ಹೋಯಿತು ಅಂದುಕೊಂಡಳು. ಆಗ ಅವಳ ಕಣ್ಣು ತನ್ನ ಕೈಯ ಮೇಲೆ ಬಿತ್ತು. ಅಯ್ಯೋ ದಡ್ಡಿ, ಹೀಗೆ ಗಾಳಿಯಲ್ಲಿ ಎಂದಾದರೂ ರೇಜರ್ ಹಿಡಿದಿದ್ದೇನೆಯೇ? ಗಡ್ಡ ಹೆರೆಯುವಾಗ ಕಿರುಬೆರಳು ಗಿರಾಕಿಯ ದವಡೆಯ ಮೇಲೆ ಊರಿರುತ್ತದೆ. ಇಡೀ ಕೈಯ ಭಾರ ಇಳಿಯುವುದು ಅಲ್ಲಿ. ಅವಳು ಎಡಗೈ ಮುಷ್ಟಿ ಕಟ್ಟಿ ಎದೆಯ ಮುಂದೆ ಹಿಡಿದು, ಅದರ ಮೇಲೆ ಬಲಗೈಯ ಕಿರುಬೆರಳು ಊರಿದಳು. ಚುಕ್ಕೆ ಬಂದು ತೂತಿನ ಮೇಲೆ ಕೂತಿತು. ಬೆಂಚಿನವರು ಎಣಿಸಿದರು. ಏಳು, ಎಂಟು, ಒಂಬತ್ತು, ಹತ್ತು. ಚುಕ್ಕೆ ಮೊಳೆ ಹೊಡೆದ ಹಾಗೆ ನಿಂತಿತ್ತು.

ಬೀಗ ಕಳಚಿತು. ತಮ್ಮ ಕೆಮ್ಮಿದ.

ಕಲ್ಲಿನ ಕಾವಲುಗಾರ ಎದ್ದು ನಾಲ್ಕು ಕೈಯಲ್ಲಿ ನಾಲ್ಕು ಗುರಾಣಿ ಹಿಡಿದ. ಅವನ ಮೈಯಲ್ಲಿ ತೆರವಾದ ಕಡೆಗೇ ಏಟು ಬೀಳಬೇಕು. ಗುರಾಣಿಗೆ ತಗುಲಿದರೆ ಸಿಡಿಲು ಹೊಡೆದು ಹುಡುಗಿಯ ಐದು ಜೀವದಲ್ಲಿ ಒಂದು ಹೋಗುತ್ತದೆ. ಅಕ್ಕ ಮೇಲಿನಿಂದ ಕೆಳಕ್ಕೆ ಒಂದು ಗೆರೆ ಎಳೆದಳು. ಸರಿಯಾಗಿ ಬಿತ್ತು. ಬೆಂಚಿನವರು ಚಪ್ಪಾಳೆ ತಟ್ಟುವಷ್ಟರಲ್ಲಿ ಢಮ್ಮೆಂದು ಸಿಡಿಲು, ಒಂದು ಜೀವ ಹೋಯಿತು.

"ನಾನೇನೂ ಮಾಡ್ಲಿಲ್ಲವಲ್ಲೋ!"

ಮತ್ತೊಂದು ಗೆರೆ, ಮತ್ತೆ ಸಿಡಿಲು. ಇನ್ನೊಂದು, ಇನ್ನೊಂದು ಸಿಡಿಲು.

ಸ್ಟೈಲ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಕ್ಕಾ, ಒಂದೊಂದು ಏಟು ಹಾಕಿದ ಮೇಲೂ ಖಡ್ಗನ ಎಡಗೈಗೆ ಒರೆಸ್ತಿದ್ದೀರಾ! ರಾಕ್ಷಸನಿಗೆ ನೊರೆ ಹಚ್ಚಿಲ್ಲ!"

ನಿಜವೇ. ಗೆರೆ ಎಳೆದ ಕೂಡಲೇ ನೊರೆಯನ್ನು ಎಡಗೈ ಹಿಂಬದಿಗೆ ಒರೆಸುವುದು ಇಪ್ಪತ್ತಾರು ವರ್ಷದ ರೂಢಿ. ಗೇಮಿಗೆ ಅದೂ ಒಂದು ಏಟು; ಅದು ನೇರ ಎಡಗಡೆಯ ಗುರಾಣಿಗೆ ಹೋಗಿ ಬೀಳುತ್ತಿತ್ತು. ಅಂಗಡಿಗೆ ಅಂಗಡಿಯೇ ನಕ್ಕಿತು. ಅಕ್ಕ ನಗಲಿಲ್ಲ. ಅವಳು ನೋಡುತ್ತಿದ್ದುದು ಕಾವಲುಗಾರನ ಕಣ್ಣನ್ನು. ಅವಳ ಕೈ ಎಡಕ್ಕೆ ಹೊರಟಾಗಲೆಲ್ಲ ಆ ಪೆದ್ದ ನಾಲ್ಕೂ ಗುರಾಣಿ ಎಡಕ್ಕೇ ಸೇರಿಸುತ್ತಿದ್ದ. ಬಲಗಡೆ ಪೂರ್ತಿ ಬಯಲು.

"ಎರಡೇ ಜೀವ ಉಳಿದಿರೋದು. ಸಾಕು ಬಿಡಕ್ಕ," ಎಂದ ತಮ್ಮ.

"ಬಾಯ್ಮುಚ್ಕೊಂಡು ನೋಡು."

ಈ ಸಲ ಒರೆಸುವವಳಂತೆ ಕೋಲನ್ನು ಎಡಕ್ಕೆ ತಂದು ಅರ್ಧಕ್ಕೇ ನಿಲ್ಲಿಸಿದಳು. ಗುರಾಣಿಗಳು ಅತ್ತ ಓಡಿದವು. ಮಣಿಕಟ್ಟು ಒಂದಿಷ್ಟೇ ಹೊರಳಿತು, ಕಿವಿಯ ಹಿಂದಿನ ಕೂದಲು ತೆಗೆಯುವಷ್ಟು. ಬಲಗಡೆ ಒಂದು ತೋಳು ಕಳಚಿ ಬಿತ್ತು. ಅವಳು ತಮ್ಮನ ಹಾಗೆ ಕುಣಿಯಲಿಲ್ಲ, ಬೆವರಲಿಲ್ಲ, ಭುಜ ಎತ್ತಲಿಲ್ಲ. ಎಡಕ್ಕೆ ಆಸೆ ತೋರಿಸಿದಳು, ಬಲಕ್ಕೆ ಎಳೆದಳು. ಎರಡನೆಯ ತೋಳು, ಮೂರನೆಯದು, ನಾಲ್ಕನೆಯದು. ಸ್ಟೈಲ್ ಹಿಡಿದ ರೇಜರ್ ಗಾಳಿಯಲ್ಲೇ ನಿಂತಿತ್ತು. ಹಾರ್ನನ ಕೆನ್ನೆಯ ಮೇಲೆ ನೊರೆ ಒಣಗಿ ಬಿರುಕು ಬಿಟ್ಟಿತ್ತು. ಕೊನೆಗೆ ಕತ್ತಿನ ನಡುವೆ ಒಂದೇ ನೇರ ಗೆರೆ. ಕಲ್ಲು ಪುಡಿಪುಡಿಯಾಯಿತು, ಏಳನೆಯ ಬಾಗಿಲು ತೆರೆಯಿತು.

ಹಾರ್ನ್ ಹಾಕಿದ ಕೇಕೆಗೆ ಎದುರು ಅಂಗಡಿಯವರು ಹೊರಗೆ ಬಂದು ನೋಡಿದರು. ಅಕ್ಕ ತನ್ನ ಬಲಗೈಯನ್ನು ಕಣ್ಣ ಮುಂದೆ ಹಿಡಿದು ಹಿಂದೆ ಮುಂದೆ ತಿರುಗಿಸಿದಳು, ಎಷ್ಟೋ ದಿನದ ಮೇಲೆ ಮನೆಗೆ ಬಂದ ಮಗಳನ್ನು ನೋಡುವ ಹಾಗೆ. ಎದೆಯ ಮುಳ್ಳು ಇರಲಿಲ್ಲ.

"ನಾಳೆ ಎಂಟು ಗಂಟೆಗೆ ಬರ್ತೀನಿ," ಎಂದಳು.

ತಮ್ಮ ತಲೆ ಕೆರೆದುಕೊಂಡ. "ಅಲ್ಲಕ್ಕ, ಏನೋ ಆಟಕ್ಕೆ ಅಂತ ಅಂದೆ. ಕುರ್ಚಿ ಇವನಿಗೆ ಅಂತ ಮಾತಾಗೋಗಿದೆ. ಈಗ ಬದಲಾಯಿಸಿದ್ರೆ ಮನೇಲಿ ಅವಳು ಸುಮ್ನಿರಲ್ಲ."

"ಯಾವಾಗ ಆಯ್ತು ಆ ಮಾತು?"

ತಮ್ಮ ಟೀವಿ ನೋಡಿದ.

ಉತ್ತರ ಕೊಟ್ಟವನು ಸ್ಟೈಲ್. ಪಾಪ, ಅವನಿಗೆ ಮುಚ್ಚಿಡುವುದು ಗೊತ್ತಿರಲಿಲ್ಲ. "ನಿಮ್ಮ ಕೈಗೆ ಪಟ್ಟಿ ಕಟ್ಟಿದ ವಾರನೇ ಭಾವ ಫೋನ್ ಮಾಡಿದ್ರು ಅಕ್ಕ."

ಪಟ್ಟಿ ಕಟ್ಟಿದ ವಾರ! ಆ ಕೈ ನಡುಗುತ್ತದೋ ಇಲ್ಲವೋ ವೈದ್ಯರಿಗೇ ಗೊತ್ತಿರಲಿಲ್ಲ ಆಗ.

ಅಕ್ಕ ಕಿರುಚುತ್ತಾಳೆ ಎಂದು ಎಲ್ಲರೂ ಉಸಿರು ಹಿಡಿದರು. ಅವಳಿಗೆ ನಗು ಬಂತು. "ಇಷ್ಟೇನಾ? ನಾನು ನನ್ನ ಕೈ ಮೇಲೇ ಅನುಮಾನಪಟ್ನಲ್ಲೋ, ನಿನ್ನ ಮಾತು ಕೇಳಿ." ಖಾನೆ ಎಳೆದು ತನ್ನ ರೇಜರ್, ಬ್ರಷ್, ಎರಡು ಕತ್ತರಿ, ಬಾಚಣಿಗೆ ತೆಗೆದು ಬಟ್ಟೆಯಲ್ಲಿ ಸುತ್ತಿದಳು. ಆತುರಪಡಲಿಲ್ಲ, ಒಂದೊಂದನ್ನೂ ಒರೆಸಿಯೇ ಇಟ್ಟಳು.

"ಅಕ್ಕ, ಬೆಳಿಗ್ಗೆ ಹೊತ್ತು ನೀನು, ಮಧ್ಯಾಹ್ನದ ಮೇಲೆ ಅವನು. ಹಂಗೆ ಮಾಡೋಣ್ವಾ?"

"ಬೇಡ. ಈ ಕೈನ ಯಾರ ಹತ್ರನೂ ಅರ್ಧ ದಿನಕ್ಕೆ ಬೇಡೋಕೆ ಬಿಡಲ್ಲ ನಾನು."

"ಅಕ್ಕಾ, ಎಲ್ಲಿ ಕುರ್ಚಿ ಹಾಕ್ತೀರಾ? ಅದನ್ನ ಹೇಳಿ ಹೋಗಿ," ಎಂದು ಹಾರ್ನ್ ಕುರ್ಚಿಯಿಂದ ಅರ್ಧ ಎದ್ದ.

"ಬೆಳಕು ಚೆನ್ನಾಗಿರೋ ಕಡೆ. ನಿನ್ನ ಗಡ್ಡ ನನ್ನನ್ನ ಹುಡುಕ್ಕೊಂಡು ಬರುತ್ತೆ, ಹೋಗು."

ಗಂಟನ್ನು ಬಲಗೈಯಲ್ಲೇ ಹಿಡಿದು ಅವಳು ಮೆಟ್ಟಿಲು ಇಳಿದಳು. ಬಾಗಿಲ ತನಕ ಬಂದ ತಮ್ಮ ಮೂರು ಸಲ "ಅಕ್ಕಾ" ಎಂದು ಕರೆದ. ಮೂರೂ ಸಲ ಅವಳಿಗೆ ಕೇಳಿಸಿತು. ಕುತ್ತಿಗೆ ನೆಟ್ಟಗಿಟ್ಟುಕೊಂಡು ರಸ್ತೆ ದಾಟಿದಳು. ಆ ಅಂಗಡಿಯ ಮೆಟ್ಟಿಲನ್ನು ಅವಳು ಮತ್ತೆಂದೂ ತುಳಿಯಲಿಲ್ಲ.