ಮೂವತ್ತೊಂದನೇ ನಾಯಿ

"ಇನ್ನೊಂದ್ಸಲ ಟೆಸ್ಟ್ ಮಾಡಿದ್ರೂ ಅಷ್ಟೇ ಬರುತ್ತೆ, ಬಿಡಿ," ಎಂದರು ಮುಖ್ಯಸ್ಥರು, ಕೋಟು ಬಿಚ್ಚಿ ಮೊಳೆಗೆ ತಗುಲಿಹಾಕುತ್ತ.

ಪಶು ಆಸ್ಪತ್ರೆಯ ಲ್ಯಾಬಿನಲ್ಲಿ ಅವಳು ಟೆಕ್ನಿಷಿಯನ್. ಆರು ವಾರದಿಂದ ಇದೇ ಕೆಲಸ: ನಲವತ್ತು ಆರೋಗ್ಯವಂತ ನಾಯಿಗಳ ರಕ್ತ ತೆಗೆದು, ಅದು ಹೆಪ್ಪುಗಟ್ಟಲು ಹಿಡಿಯುವ ಸೆಕೆಂಡು ಎಣಿಸಿ, ಹೆಪ್ಪುಗಟ್ಟಿಸುವ ಪ್ರೋಟೀನುಗಳು ಎಷ್ಟೆಷ್ಟಿವೆ ಎಂದು ಅಳೆಯುವುದು. ಮುಂದೆ ಕಾಯಿಲೆಯ ನಾಯಿ ಬಂದರೆ ಹೋಲಿಸಿ ನೋಡಲು ಒಂದು ಅಳತೆ ಬೇಕಿತ್ತು. ನಲ್ಲಿ ತೊಟ್ಟಿಕ್ಕಿದರೂ ಸೆಕೆಂಡು ಎಣಿಸುತ್ತೀಯಲ್ಲ ಎಂದು ಮನೆಯಲ್ಲಿ ಗಂಡ ರೇಗಿಸುತ್ತಿದ್ದ. ನಗಲೂ ಅವಳಿಗೆ ತ್ರಾಣವಿರಲಿಲ್ಲ.

ಆ ಪ್ರೋಟೀನುಗಳಲ್ಲಿ ಎಂಟನೆಯದು ಉಳಿದ ನಾಯಿಗಳಲ್ಲಿ ಶೇಕಡಾ ನೂರರ ಆಸುಪಾಸು ಇತ್ತು. ಮೂವತ್ತೊಂದನೆಯದರಲ್ಲಿ ಬರೀ ಒಂಬತ್ತು.

"ಹುಟ್ಟಿನಿಂದ್ಲೇ ಇರೋ ಕೊರತೆ. ಪಟ್ಟಿಯಿಂದ ತೆಗೀರಿ, ಬೇರೆ ನಾಯಿ ತರಿಸಿದ್ರಾಯ್ತು," ಎಂದರು ಮುಖ್ಯಸ್ಥರು.

"ಸಾರ್, ಸೋಮವಾರ ಇದಕ್ಕೆ ಬೀಜ ತೆಗೆಸೋ ಆಪರೇಷನ್ನು. ಯಜಮಾನರೇ ಅರ್ಜೀಲಿ ಬರೆದಿದ್ದಾರೆ. ಕೊಯ್ದ್ರೆ ರಕ್ತ ನಿಲ್ಲಲ್ಲ."

"ಫಲಿತಾಂಶ ಯಾರಿಗೂ, ಅವರಿಗೂ ಹೇಳಲ್ಲ ಅಂತ ಯಜಮಾನರ ಸಹಿ ಹಾಕಿಸ್ಕೊಂಡಿದ್ದೀವಲ್ಲ. ಹೇಳೋಕೆ ಅನುಮತಿ ಕೇಳಿ ನೀತಿ ಸಮಿತಿಗೆ ಬರೀತೀನಿ."

"ಸಮಿತಿ ಸೇರೋದು ಯಾವಾಗ?"

"ಮುಂದಿನ ತಿಂಗಳು," ಎಂದು ಅವರು ಹೊರಟರು.

ಅವಳು ಪಟ್ಟಿಯಲ್ಲಿ ಮೂವತ್ತೊಂದನೇ ಸಾಲನ್ನು ಅಳಿಸಿದಳು. ಸರಾಸರಿ ತಕ್ಷಣ ನೆಟ್ಟಗಾಯಿತು. ಚೀಲ ಹೆಗಲಿಗೇರಿಸಿ ಬಾಗಿಲವರೆಗೆ ಹೋದಳು. ಶುಕ್ರವಾರ, ಕಾಲು ಮನೆಯ ಕಡೆಗೇ ಎಳೆಯುತ್ತಿತ್ತು. ಹಾಗೇ ಒಂದು ಕ್ಷಣ ನಿಂತವಳು ತಿರುಗಿ ಬಂದು ಫೋನ್ ಎತ್ತಿಕೊಂಡಳು.

ನಾಯಿಯ ಯಜಮಾನ ಬಸ್ ಡ್ರೈವರ್. "ನಮ್ಮ ಪೆದ್ದನಿಗೆ ರಕ್ತದ ಕಾಯಿಲೆನಾ?" ಎಂದು ನಕ್ಕೇಬಿಟ್ಟ. "ಗೇಟು ಹಾರಿ ಓಡೋನು ಅವನು! ಯಾವುದೋ ನಾಯಿ ರಕ್ತ ಅದಲುಬದಲು ಮಾಡಿಬಿಟ್ಟಿದ್ದೀರಿ ನೀವು."

"ಹಾಗಾಗಿದ್ರೆ ಒಳ್ಳೇದೇ. ನಾಳೆ ಕರ್ಕೊಂಡ್ಬನ್ನಿ, ಮತ್ತೆ ನೋಡ್ತೀನಿ. ಅಲ್ಲೀವರೆಗೆ ಕೊಯ್ಯೋಕೆ ಮಾತ್ರ ಬಿಡ್ಬೇಡಿ."

"ಎರಡು ತಿಂಗಳು ಕಾದು ಡೇಟು ತಗೊಂಡಿದ್ದೀನಿ ಕಣಮ್ಮ."

"ಗೊತ್ತು," ಎಂದಳು.

ಬೆಳಿಗ್ಗೆ ಅವನು ಯೂನಿಫಾರ್ಮಿನಲ್ಲೇ, ಮುಖ ಗಂಟಿಕ್ಕಿಕೊಂಡು ಬಂದ. ಅವಳು ರಕ್ತ ತೆಗೆದು, ನಾಯಿಯ ಕಾಲಿಗೆ ಹತ್ತಿ ಒತ್ತಿ ಪಟ್ಟಿ ಸುತ್ತಿದಳು. ಅವನ ಕಣ್ಣೆದುರೇ ಪರೀಕ್ಷೆ ಮಾಡಿದಳು. ಈ ಸಲ ಎಂಟು ಬಂತು.

"ತಪ್ಪಾಗಿಲ್ಲ," ಎಂದಳು.

ಅವನು ನಾಯಿಯ ಕಾಲನ್ನೇ ನೋಡುತ್ತಿದ್ದ. ಬಿಳಿ ಪಟ್ಟಿಯ ಮೇಲೆ ಕೆಂಪು ಹರಡುತ್ತಿತ್ತು.

"ಹೋದ ಸಲಾನೂ ಮನೆಗೆ ಹೋದ್ಮೇಲೆ ಹೀಗೇ ಆಗಿತ್ತು," ಎಂದ, ದನಿ ತಗ್ಗಿಸಿ. "ಕೆರ್ಕೊಂಡಿದ್ದಾನೆ ಅಂದ್ಕೊಂಡು ಬೈದೆ. ಸಾಯ್ತಾನಾ?"

"ಇಲ್ಲ. ಗಾಯ ಆಗದ ಹಾಗೆ ನೋಡ್ಕೊಂಡ್ರೆ ಆಯ್ತು."

ಆಗಲೇ ಒಳಗೆ ಬಂದ ಮುಖ್ಯಸ್ಥರು ಬಾಗಿಲಲ್ಲೇ ನಿಂತರು. ನಾಯಿಯನ್ನೂ ಡ್ರೈವರನ್ನೂ ನೋಡಿ, "ಸೋಮವಾರ ನನ್ನ ರೂಮಿಗೆ ಬನ್ನಿ," ಎಂದಷ್ಟೇ ಹೇಳಿ ನಡೆದರು.

"ಆಯ್ತು ಸಾರ್."

ಅವಳು ನೆಲದ ಮೇಲೆ ಕೂತು, ಪಟ್ಟಿ ಬಿಚ್ಚಿ, ಹೊಸ ಹತ್ತಿಯಿಟ್ಟು ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ಡ್ರೈವರ್ ಗೋಡೆಯ ಗಡಿಯಾರ ನೋಡಿದ. ಆಮೇಲೆ ಟೋಪಿ ತೆಗೆದಿಟ್ಟು ಅವಳ ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತ. ಸ್ವಲ್ಪ ಹೊತ್ತಿಗೆ ನಾಯಿ ಇಬ್ಬರ ನಡುವೆ ಮೈ ಚಾಚಿ, ದೊಡ್ಡದಾಗಿ ಆಕಳಿಸಿ ನಿದ್ದೆಹೋಯಿತು. ಅವಳು ಬೆರಳು ತೆಗೆಯಲಿಲ್ಲ.