ಎಂಟು ತೂತಿನ ಗುಂಡಿ

“ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ಫೋಟೋ ತೆಗೆಯೋಕೆ ಬರದೇ ಇರೋದು ನಿನಗೆ, ಡೊಂಕು ಮಾತ್ರ ನನ್ನ ಹೊಲಿಗೆ ಮಿಷನ್ನು!”

ಹಿರಿಯ ಸೊಸೆ ಹೀಗೆಂದದ್ದು ಮೆಟ್ಟಿಲ ಬುಡದಲ್ಲಿ ಮಿಷನ್ನಿಗೆ ಹಗ್ಗ ಬಿಗಿಯುತ್ತಾ. ಮಹಡಿಯಿಂದ ಅದನ್ನು ಹೇಗೋ ಇಳಿಸಿಯಾಗಿತ್ತು, ಇನ್ನು ಹಿತ್ತಿಲ ಶೆಡ್ಡಿಗೆ ಸಾಗಿಸಬೇಕಿತ್ತು. ಶೆಡ್ಡಿಗೆ ಕಿಟಕಿಯೇ ಇಲ್ಲ. ಕಪ್ಪು ಬಟ್ಟೆಗೆ ಕಪ್ಪು ದಾರ ಹೊಲಿದು ಹೊಟ್ಟೆ ಹೊರೆಯುವವಳಿಗೆ ಅದು ಕಣ್ಣು ಕಟ್ಟಿ ಕಾಡಿಗೆ ಬಿಟ್ಟಂತೆ.

ಕಿರಿಯ ಸೊಸೆ ಕ್ಯಾಮೆರಾದ ಹಿಂದೆ ಬಗ್ಗಿದಳು. ನಡುಮನೆಯಲ್ಲಿ ಟ್ರೈಪಾಡಿನ ಮೇಲೆ ಕ್ಯಾಮೆರಾ, ಅದರ ಮುಂದೆ ಬಿಳಿ ಕಾಗದದ ಮೇಲೊಂದು ಅಂಗಿಗುಂಡಿ. ಗುಂಡಿ ವ್ಯಾಪಾರಿ ಜಾಹೀರಾತಿಗೆಂದು ತೆಗೆಸಿದ ಅವಳ ಫೋಟೋಗಳನ್ನು ಆಗಲೇ ವಾಪಸ್ಸು ಕಳಿಸಿದ್ದ. “ಗುಂಡಿಗೆ ನಾಲ್ಕು ತೂತಮ್ಮಾ, ನಿಮ್ಮ ಫೋಟೋ ಅಲುಗಿ ಎಂಟು ಕಾಣ್ತವೆ” ಎಂದಿದ್ದ. ಆಗ ಅತ್ತೆಯೇ ತೀರ್ಪು ಕೊಟ್ಟದ್ದು: ಮೇಲೆ ಮಿಷನ್ ತುಳಿದರೆ ಹಲಗೆ ನೆಲ ನಡುಗುತ್ತೆ, ಮನೆ ನಡುಗುತ್ತೆ, ಕ್ಯಾಮೆರಾದ ಮುಕ್ಕಾಲಿಯೂ ನಡುಗುತ್ತೆ. ಮಿಷನ್ ಶೆಡ್ಡಿಗೆ ಹೋಗಲಿ.

ಈಗ ಮಿಷನ್ ಬಾಯಿ ಮುಚ್ಚಿಕೊಂಡು ಹಗ್ಗದಲ್ಲಿ ಬಿದ್ದಿತ್ತು. ಆದರೂ ಆಗಷ್ಟೇ ತೆಗೆದ ಫೋಟೋದಲ್ಲಿ ಗುಂಡಿಗೆ ಎಂಟು ತೂತು.

“ಅಕ್ಕಾ, ಸ್ವಲ್ಪ ತಡಿ. ಮಿಷನ್ ನಿಂತಿದ್ರೂ ಫೋಟೋ ಅಲುಗಿದೆ.”

“ಹಾಗಾದ್ರೆ ನನ್ನ ಉಸಿರು ತಾಗಿರ್ಬೇಕು. ಅದನ್ನೂ ಶೆಡ್ಡಿಗೆ ಹಾಕ್ಲಾ?”

“ಜಗಳ ಸಾಕು. ಗಾಜು ಕೊಳೆಯಾಗಿರುತ್ತೆ, ಪಕ್ಕಕ್ಕೆ ಸರಿ” ಎನ್ನುತ್ತಾ ಅತ್ತೆ ಕನ್ನಡಕದ ಬಟ್ಟೆ ಹಿಡಿದು ಬಂದರು. ಲೆನ್ಸನ್ನು ಮಗುವಿನ ಮೂತಿ ಒರೆಸಿದ ಹಾಗೆ ಸುತ್ತಲೂ ಒರೆಸಿದರು. ಮುಂದಿನ ಫೋಟೋದಲ್ಲಿ ತೂತು ನಾಲ್ಕೇ! ಗುಂಡಿಯ ಅಂಚಿನ ಗೀರು ಕೂಡ ಕಾಣುತ್ತಿತ್ತು.

“ನೋಡಿದ್ರಾ? ಕೊಳೆ!”

ಕೊಳೆಯಾದರೆ ಮಬ್ಬಾಗಬೇಕು, ತೂತು ಮರಿ ಹಾಕುವುದು ಹೇಗೆ? ಕಿರಿಯವಳು ಬಗ್ಗಿ ನೋಡಿದಳು. ಒರೆಸುವ ಭರದಲ್ಲಿ ಲೆನ್ಸಿನ ಪಕ್ಕದ ಪುಟ್ಟ ಸ್ವಿಚ್ಚು ಕೆಳಗೆ ಜಾರಿ ಆಫ್ ಆಗಿತ್ತು. ಕೈನಡುಕ ಫೋಟೋಗೆ ತಾಗದಂತೆ ತಡೆಯುವ ಸ್ವಿಚ್ಚು ಅದು. ಇದನ್ನು ಯಾವತ್ತೂ ಆಫ್ ಮಾಡಬೇಡಿ ಎಂದಿದ್ದ ಅಂಗಡಿಯವನ ಮಾತನ್ನು ಅವಳು ವೇದವಾಕ್ಯದಂತೆ ಪಾಲಿಸಿದ್ದಳು.

ಮತ್ತೆ ಆನ್ ಮಾಡಿ ಲೆನ್ಸಿಗೆ ಕಿವಿಯಿಟ್ಟಳು. ಒಳಗೆ ಸಣ್ಣಗೆ ಗುಯ್‌ಗುಡುವ ಸದ್ದು. ಪರದೆಯಲ್ಲಿ ಗುಂಡಿಯನ್ನು ದೊಡ್ಡದು ಮಾಡಿದರೆ, ಯಾರೂ ಮುಟ್ಟದಿದ್ದರೂ ಅದು ನೀರ ಮೇಲಿನ ಎಲೆಯ ಹಾಗೆ ಮೆಲ್ಲಗೆ ತೇಲುತ್ತಿತ್ತು. ಆಫ್ ಮಾಡಿದರೆ ಕಲ್ಲಿನಂತೆ ನಿಂತಿತು.

“ಅಂದ್ರೆ... ಅಲುಗಾಟ ತಡೆಯೋದೇ ಅಲುಗಿಸ್ತಾ ಇದೆಯಾ?”

“ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯ್ತು” ಎಂದಳು ಹಿರಿಯವಳು, ಹಗ್ಗ ಬಿಟ್ಟು ಹತ್ತಿರ ಬಂದು.

“ಅಲ್ಲ ಕಣ್ರೇ. ಕೆಲಸವಿಲ್ಲದ ಬಡಗಿ ಮಗನ ಅಂಡು ಕೆತ್ತಿದ್ನಂತೆ” ಎಂದರು ಅತ್ತೆ. “ಮುಕ್ಕಾಲಿ ಮೇಲೆ ಕೈಯೇ ಇಲ್ಲ, ನಡುಕ ಎಲ್ಲಿಂದ ಬರ್ಬೇಕು? ಪಾಪ, ಸುಮ್ಮನಿರಲಾರದೆ ತಾನೇ ಹುಡುಕಿ ಹುಡುಕಿ ನಡುಗ್ತಿದೆ.”

ಖಾತ್ರಿ ಮಾಡಿಕೊಳ್ಳಲು ಕಿರಿಯವಳು ಆನ್ ಮಾಡಿಯೇ ಇನ್ನೊಂದು ತೆಗೆದಳು. ಅದೂ ಸ್ಪಷ್ಟವಾಗಿ ಬಂತು! ಇನ್ನೊಂದು ತೆಗೆದರೆ ಮಸುಕು. ಅವಳಿಗೆ ತಲೆಬುಡ ತಿಳಿಯಲಿಲ್ಲ.

“ಅಕ್ಕಾ, ನಂಗೇನೂ ಅರ್ಥ ಆಗ್ತಿಲ್ಲ. ಇದರ ತಪ್ಪು ಅನ್ನೋಣ ಅಂದ್ರೆ ಒಮ್ಮೊಮ್ಮೆ ಸರಿಯಾಗೇ ಬರುತ್ತೆ. ನೀನು ಮೇಲೆ ಹೊಲೀತಿದ್ರೆ ನೆಲ ನಡುಗುತ್ತೋ ಇಲ್ವೋ, ಅದೂ ಗೊತ್ತಿಲ್ಲ. ಮಿಷನ್ ವಾಪಸ್ಸು ಮೇಲಕ್ಕೆ ಒಯ್ಯೋಣ.”

“ಪರೀಕ್ಷೆಗೋ, ಇರೋದಕ್ಕೋ? ಅದನ್ನ ಮೊದಲು ಹೇಳು. ನನ್ನ ಸೊಂಟ ಒಂದೇ ಇರೋದು.”

ಕಿರಿಯವಳು ಗುಂಡಿಯನ್ನು ನೋಡಿದಳು, ಸ್ವಿಚ್ಚನ್ನು ನೋಡಿದಳು.

“ಇರೋದಕ್ಕೆ. ನಡುಗಿದ್ರೂ ಪರ್ವಾಗಿಲ್ಲ, ನೀನು ಬಟ್ಟೆ ಕತ್ತರಿಸೋ ಹೊತ್ತಲ್ಲಿ ನಾನು ತೆಗೀತೀನಿ.”

“ಹಾಗಿದ್ರೆ ಆ ಕಡೆ ಹಿಡಿ. ಹುಷಾರು, ಕಾಲ ಮೇಲೆ ಹಾಕ್ಕೋಬೇಡ.”

ಅರ್ಧ ಮೆಟ್ಟಿಲು ಹತ್ತುವಷ್ಟರಲ್ಲಿ ಮಿಷನ್ನಿನ ಡ್ರಾಯರು ತೆರೆದುಕೊಂಡಿತು. ಕಪ್ಪು ದಾರದ ರೀಲೊಂದು ಟಕಟಕ ಎಂದು ಮೆಟ್ಟಿಲಿಳಿದು ಟ್ರೈಪಾಡಿನ ಕಾಲಿನತ್ತ ಉರುಳಿತು. “ನೀವು ಹತ್ತಿ, ನಾನು ನೋಡ್ಕೋತೀನಿ” ಎನ್ನುತ್ತಾ ಅತ್ತೆ ಚಪ್ಪಲಿ ಕಾಲು ಚಾಚಿ ಅದನ್ನು ತಡೆದು ನಿಲ್ಲಿಸಿದರು.